ಶಿರಸಿ ಮಾರ್ಗವಾಗಿ ಅಮೆರಿಕ–ಚೀನಾ

ಅಮೆರಿಕ ಮತ್ತು ಚೀನಾಗಳ ನಡುವೆ ಈಗ ಎಲ್ಲಾದರೂ ಚೂರುಪಾರು ಸ್ನೇಹ ಉಳಿದಿದ್ದರೆ ಅದಕ್ಕೆ ನಮ್ಮ ಭಾವನೇ ಕಾರಣ. ಉಳಿದಿಲ್ಲವೆಂದಾದರೆ ಅದಕ್ಕೂ ಅವನೇ ಕಾರಣ!

ನೀವು ನಗುತ್ತೀರಿ ಎಂದು ನನಗೆ ಗೊತ್ತು. ಮೊದಲು ಶಿರಸಿ ಪೇಟೆ ನಕ್ಕು ಮುಗಿಸಿತು. ಆಮೇಲೆ ಸಿದ್ದಾಪುರ, ಯಲ್ಲಾಪುರದ ನೆಂಟರು ಬಸ್ಸು ಹತ್ತಿ ಬಂದು ನಕ್ಕು ಹೋದರು. ಭಾವ ಎಲ್ಲರಿಗೂ ಚಹಾ ಕೊಡಿಸಿ, ನಕ್ಕವರ ಹೆಸರನ್ನು ತಾನು ಕಟ್ಟಿದ ಸಂಘದ ಹಿತೈಷಿಗಳ ಪಟ್ಟಿಯಲ್ಲಿ ಬರೆದುಕೊಂಡ.

ಭಾವ ಅಂದರೆ ನನ್ನ ಅಕ್ಕನ ಗಂಡ. ನಮ್ಮ ಮನೆಮಾತಿನಲ್ಲಿ ಭಾವನಿಗೆ ಏಕವಚನವೇ. ಗೌರವ ಇಲ್ಲವೆಂದಲ್ಲ, ಐವತ್ತು ಕಿಲೋ ತೂಗದ ಆ ಶರೀರದ ಮೇಲೆ ಬಹುವಚನ ಹೊರಿಸುವುದು ಹಿಂಸೆ ಅನ್ನಿಸುತ್ತದೆ, ಅಷ್ಟೇ. ಶಿರಸಿ ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ, ಸೈಕಲ್ ರಿಪೇರಿ ಅಂಗಡಿಯ ಮಾಳಿಗೆ ಮೇಲೆ ಅವನ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಏಳು ಯಂತ್ರಗಳು, ಅವುಗಳ ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ. ಬೆಳಗಿನಿಂದ ಸಂಜೆಯವರೆಗೆ ಟಕಟಕ ಸದ್ದು. ನಮ್ಮ ಅಕ್ಕ ಆ ಸದ್ದಿಗೆ ಎಷ್ಟು ಒಗ್ಗಿದ್ದಳೆಂದರೆ, ಭಾನುವಾರ ಯಂತ್ರ ನಿಂತರೆ ಅವಳಿಗೆ ತಲೆನೋವು ಬರುತ್ತಿತ್ತು.

ಟೈಪಿಂಗ್ ಭಾವನ ಹೊಟ್ಟೆಪಾಡು. ಅವನ ನಿಜವಾದ ಕಸುಬು ಮದುವೆ ಕುದುರಿಸುವುದು. ಜಾತಕ ಹಿಡಿದು ಹೊರಟನೆಂದರೆ, ಒಲ್ಲೆವೆಂದವರ ಬಾಯಲ್ಲೂ ಹೌದೆನ್ನಿಸದೆ ಬರುವವನಲ್ಲ. ಅವನ ಗುಟ್ಟು ಬಹಳ ಸರಳ. ಗಂಡಿನ ಕಡೆಯವರು "ಹುಡುಗಿ ಬಣ್ಣ ತುಸು ಕಪ್ಪು" ಎಂದರೆ, ಹೆಣ್ಣಿನ ಮನೆಗೆ ಹೋಗಿ "ಹುಡುಗಿ ಲಕ್ಷಣವಾಗಿದ್ದಾಳೆ ಅಂದರು" ಎನ್ನುವುದು. ಹೆಣ್ಣಿನ ಕಡೆಯವರು "ಮಾಣಿಗೆ ಮಾತೇ ಬತ್ತಿಲ್ಲೆ" ಎಂದರೆ, ಗಂಡಿನ ಮನೆಗೆ ಹೋಗಿ "ಮಾಣಿ ಗಂಭೀರ ಹೇಳಿ ಭಾರೀ ಖುಷಿಪಟ್ಟರು" ಎನ್ನುವುದು. ಹಾಗೆ ಕೂಡಿಬಂದ ಜೋಡಿಗಳು ಮಂಚಿಕೇರಿಯಿಂದ ವಾನಳ್ಳಿಯವರೆಗೆ ಈಗಲೂ ಸುಖವಾಗಿ ಇದ್ದಾವೆ. ಇಲ್ಲದವರು ಭಾವನ ಎದುರು ಹೇಳಿಲ್ಲ.

ಇಂಥವನಿಗೆ ಅಮೆರಿಕ–ಚೀನಾ ಹೇಗೆ ಗಂಟುಬಿದ್ದವು? ರೇಡಿಯೊದಿಂದ!

ಆಗ ತೊಂಬತ್ತರ ದಶಕದ ಶುರು. ಬೆಳಿಗ್ಗೆ ಎದ್ದವನೇ ಭಾವ ಶಾರ್ಟ್‌ವೇವ್ ಮುಳ್ಳು ತಿರುಗಿಸಿ, ಕೊರ್‌ರ್, ಕುಂಯ್ ಎನ್ನುವ ಸದ್ದುಗಳ ನಡುವಿನಿಂದ ಅಮೆರಿಕದ ಇಂಗ್ಲಿಷನ್ನೂ ಚೀನಾದ ಇಂಗ್ಲಿಷನ್ನೂ ಹೆಕ್ಕಿ ಹೆಕ್ಕಿ ಕೇಳುತ್ತಿದ್ದ. ಎರಡೂ ಕಡೆಗೆ ಪತ್ರ ಹಾಕುತ್ತಿದ್ದ. ಅವರು ಅವನ ಪತ್ರವನ್ನು ರೇಡಿಯೊದಲ್ಲಿ ಓದಿ ಹೇಳಿ, ಕ್ಯಾಲೆಂಡರು, ಸ್ಟಿಕ್ಕರು ಕಳಿಸುತ್ತಿದ್ದರು. ಇನ್‌ಸ್ಟಿಟ್ಯೂಟಿನ ಒಂದು ಗೋಡೆಗೆ ಅಮೆರಿಕದ ಗಗನಚುಂಬಿ ಕಟ್ಟಡಗಳು, ಎದುರು ಗೋಡೆಗೆ ಚೀನಾದ ಬೆಟ್ಟ ಮತ್ತು ಬಿದಿರು. ನಡುವಿನ ಗೋಡೆಗೆ ಶಿರಸಿಯ ಬಟ್ಟೆ ಅಂಗಡಿಯವರು ಕೊಟ್ಟ ಗಣಪತಿ.

ಒಂದು ದಿನ ಬೆಳಿಗ್ಗೆ ಭಾವ ದೋಸೆ ತಿನ್ನುತ್ತಿದ್ದಾಗ ಅಮೆರಿಕದ ರೇಡಿಯೊ ಚೀನಾವನ್ನು ಬೈಯಿತು. ಮರುದಿನ ಚೀನಾದ ರೇಡಿಯೊ ಅಮೆರಿಕವನ್ನು ಬೈಯಿತು. ಭಾವ ದೋಸೆ ಬಿಟ್ಟ.

"ಇಬ್ರೂ ಎನ್ನ ಗುರ್ತಿನವ್ವು," ಎಂದ. "ಹಿಂಗಾದ್ರೆ ಆನು ಯಾರ ಬದಿಗೆ ನಿಲ್ಲದು?"

"ನಿಂಗ ಯಾರ ಬದಿಗೂ ನಿಲ್ಲದು ಬೇಡ," ಎಂದಳು ಅಕ್ಕ. "ಕುಂತ್ಗಂಡು ದೋಸೆ ತಿನ್ನಿ. ತಣಿದು ಹೋತು."

ಭಾವ ಕೂರಲಿಲ್ಲ. ಎರಡೂ ದೇಶ ಹುಟ್ಟಿದ ದಿನ ಹುಡುಕಿ ಜಾತಕ ಬರೆದ. ಇಬ್ಬರಿಗೂ ಸಿಟ್ಟು ಜಾಸ್ತಿ, ಇಬ್ಬರಿಗೂ ತಾನೇ ದೊಡ್ಡವ ಎನ್ನುವ ಗ್ರಹ. "ಇಷ್ಟು ಚೊಲೋ ಕೂಡಿಬಪ್ಪ ಜಾತಕ ಆನು ಈ ಸೀಮೆಲೇ ನೋಡಿದ್ನಿಲ್ಲೆ!" ಎಂದು ಘೋಷಿಸಿದ. ವಾರದೊಳಗೆ 'ಅಮೆರಿಕ–ಚೀನಾ ಸೌಹಾರ್ದ ಸಂಘ, ಶಿರಸಿ' ಎಂಬ ರಬ್ಬರ್ ಸ್ಟಾಂಪು ತಯಾರಾಯಿತು. ವಿಭಾಗಗಳು ಮೂರು: ವ್ಯಾಪಾರ, ಕೃಷಿ, ಶಿಕ್ಷಣ. ಅಧ್ಯಕ್ಷ ಭಾವ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ತಪ್ಪಿಗೆ ಕಾರ್ಯದರ್ಶಿ ನಾನು. ಉಪಾಧ್ಯಕ್ಷರು ಬನವಾಸಿ ಕಡೆಯ ಒಬ್ಬ ಗೌಡರು. ಭತ್ತ, ಅನಾನಸು ಬೆಳೆಯುವ ಆ ಪುಣ್ಯಾತ್ಮರು ಬಂದದ್ದು ಒಂದು ಅರ್ಜಿ ಟೈಪ್ ಮಾಡಿಸಲು. ಅರ್ಜಿ ಮುಗಿಯುವಷ್ಟರಲ್ಲಿ ಉಪಾಧ್ಯಕ್ಷರಾಗಿದ್ದರು.

"ಅಲ್ರೀ ಮಾಸ್ತರ್ರ, ನಾ ಅಮೇರಿಕಾ ನೋಡಿಲ್ಲ, ಚೀನಾ ನೋಡಿಲ್ಲ. ಉಪಾಧ್ಯಕ್ಷ ಹೆಂಗಾಗ್ಲಿ?" ಎಂದು ಕೇಳಿದರು.

"ಅಧ್ಯಕ್ಷ ನಾನೂ ನೋಡಿಲ್ಲ, ಗೌಡ್ರೆ."

"ಹಂಗಾರ ಅಡ್ಡಿಯಿಲ್ಲ ಬಿಡ್ರಿ!"

ಇನ್ನು ಬೇಕಾದದ್ದು ಒಬ್ಬ ಅಮೆರಿಕದವನು, ಒಬ್ಬ ಚೀನಾದವನು. ಎರಡೂ ರೇಡಿಯೊಗಳ ಕೇಳುಗರ ಪತ್ರ ವಿಭಾಗದಿಂದ ಭಾವ ವಿಳಾಸಗಳನ್ನು ಗೀಚಿಕೊಂಡು ಹತ್ತಾರು ಪತ್ರ ಹಾಕಿದ. ಇಬ್ಬರು ಉತ್ತರ ಬರೆದರು. ಅಮೆರಿಕದವನು ಮೆಕ್ಕೆಜೋಳ ಬೆಳೆದು ಹಂದಿ ಸಾಕುವ ವಯಸ್ಸಾದ ರೈತ. ಚೀನಾದವನು ಚಹಾ ಬೆಳೆಯುವ ಬೆಟ್ಟದೂರಿನಲ್ಲಿ ಶಾಲೆ ಮಾಸ್ತರ. ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ. ಅವರ ಹೆಸರು ನಮ್ಮ ನಾಲಗೆಗೆ ಹೊರಳದ್ದರಿಂದ ಒಬ್ಬ 'ಜೋಳದಣ್ಣ'ನಾದ, ಇನ್ನೊಬ್ಬ 'ಚಾ ತಮ್ಮ'ನಾದ. ಭಾವ ಇಬ್ಬರಿಗೂ ಒಂದೇ ಸಲಹೆ ಕೊಟ್ಟ: "ನೀವು ನೇರ ಬರೆದುಕೊಂಡರೆ ನಿಮ್ಮ ಸರ್ಕಾರದವರು ಸಂಶಯಪಟ್ಟು ಪತ್ರ ಒಡೆದು ನೋಡಬಹುದು. ಶಿರಸಿ ಮಾರ್ಗವಾಗಿ ಕಳಿಸಿ. ಇಲ್ಲಿಂದ ನಾವು ಶುದ್ಧವಾಗಿ ಟೈಪ್ ಮಾಡಿ ಮುಂದೆ ಕಳಿಸುತ್ತೇವೆ."

ಒಡೆದು ನೋಡುವ ಕೆಲಸವನ್ನು ಎರಡೂ ಸರ್ಕಾರದ ಪರವಾಗಿ ಭಾವ ತಾನೇ ವಹಿಸಿಕೊಂಡ!

ಮೊದಲ ಪತ್ರಗಳ ಇಂಗ್ಲಿಷ್ ನೋಡಿಕೊಡು ಎಂದು ನನ್ನನ್ನು ಕರೆದಾಗ ನಾನು ಮೂಲವನ್ನೂ ಟೈಪಾದದ್ದನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಕನ್ನಡದಲ್ಲಿ ಹೇಳುವುದಾದರೆ ಜೋಳದಣ್ಣ ಬರೆದದ್ದು ಹೀಗೆ: 'ನಿಮ್ಮಲ್ಲಿ ರೈತ ಏನು ಬಿತ್ತಬೇಕೆಂದು ಸರ್ಕಾರವೇ ಹೇಳುತ್ತದಂತೆ. ನಾನಾಗಿದ್ದರೆ ಒಂದು ದಿನವೂ ಸಹಿಸುತ್ತಿರಲಿಲ್ಲ.' ಶಿರಸಿಯಿಂದ ಹೊರಡುವಾಗ ಅದು ಹೀಗಾಗಿತ್ತು: 'ನಿಮ್ಮ ಸರ್ಕಾರ ರೈತನ ಬಿತ್ತನೆಯಲ್ಲಿ ವಿಶೇಷ ಆಸಕ್ತಿ ವಹಿಸುತ್ತದೆಂದು ತಿಳಿದು ಪರಮ ಸಂತೋಷವಾಯಿತು. ಈ ಭಾಗ್ಯ ನನಗಿಲ್ಲ.'

ಚಾ ತಮ್ಮ ಬರೆದಿದ್ದ: 'ಅಮೆರಿಕದವರು ಇಡೀ ಜಗತ್ತು ತಮ್ಮದೇ ಅಂದುಕೊಳ್ಳುತ್ತಾರೆ ಎಂದು ನಾವು ಓದಿದ್ದೇವೆ. ನಿಜವೇ?' ಶಿರಸಿ ಆವೃತ್ತಿ: 'ಅಮೆರಿಕದವರು ಇಡೀ ಜಗತ್ತು ತಮ್ಮವರೇ ಅಂದುಕೊಳ್ಳುತ್ತಾರೆ ಎಂದು ನಾವು ಓದಿದ್ದೇವೆ. ಎಷ್ಟು ದೊಡ್ಡ ಮನಸ್ಸು!'

"ಭಾವ, ಇದು ಮೋಸ ಅಲ್ದಾ?" ಎಂದೆ.

"ಮೋಸ ಅಲ್ದೇ ತಂಗಿ. ಒಗ್ಗರಣೆ."

"ಒಗ್ಗರಣೆ ಅಡಿಗೆ ಮಾಡಿದವು ಹಾಕವು, ಬಡಿಸುವವು ಅಲ್ಲ," ಎಂದು ಅಕ್ಕ ಒಳಗಿನಿಂದಲೇ ತೀರ್ಪು ಕೊಟ್ಟಳು. ಭಾವನಿಗೆ ಆ ಹೊತ್ತಿಗೆ ಸರಿಯಾಗಿ ಕಿವಿ ಕೇಳಿಸಲಿಲ್ಲ.

ನಾನಾದರೂ ಅಂದೇ ರಾಜೀನಾಮೆ ಬಿಸಾಕಬಹುದಿತ್ತು. ಬಿಸಾಕಲಿಲ್ಲ. ಮುಂದಿನ ಪತ್ರದಲ್ಲಿ ಏನು ಬರುತ್ತದೋ ಎಂಬ ಕುತೂಹಲ, ನೋಡಿ!

ಬಂದದ್ದು ಹುಳ. ಚಾ ತಮ್ಮನ ಶಾಲೆ ಹಿತ್ತಲಿನಲ್ಲಿ ಮಕ್ಕಳು ಹಾಕಿದ ಮೆಕ್ಕೆಜೋಳಕ್ಕೆ ಹುಳ ಬಿದ್ದಿತ್ತು. ಜೋಳದಣ್ಣ ಒಂದು ಪುಟ ಔಷಧಿ, ಅದನ್ನು ಸಿಂಪಡಿಸುವ ಮಷಿನ್ನಿನ ಚಿತ್ರ, ಎಲ್ಲ ಕಳಿಸಿದ. ಭಾವ ಚಿಂತೆಗೆ ಬಿದ್ದ. ಆ ಬಡ ಮಾಸ್ತರನಿಗೆ ಇಷ್ಟು ದೊಡ್ಡ ಮಷಿನ್ನು ಎಲ್ಲಿಂದ? ಕೃಷಿ ವಿಭಾಗದ ತುರ್ತು ಸಭೆ ಸೇರಿತು. ಅಂದರೆ ಗೌಡರು ಬಂದರು.

"ಮಷಿನ್ ಯಾಕ್ ಬೇಕ್ರಿ? ಬೂದಿ ಉಗ್ಗಂತ ಬರೀರಿ. ಆಮ್ಯಾಲ ಗೋಮೂತ್ರಕ್ಕ ನೀರು ಕೂಡ್ಸಿ ಹೊಡೀಲಿ. ನಮ್ಮಪ್ಪ ಅದನ್ನ ಮಾಡ್ತಿದ್ದ."

ಬನವಾಸಿಯ ಗೋಮೂತ್ರ ಜೋಳದಣ್ಣನ ಹೆಸರಿನಲ್ಲಿ ಚೀನಾಕ್ಕೆ ಹೋಯಿತು. ಎರಡು ತಿಂಗಳಿಗೆ ಉತ್ತರ: ಹುಳ ಹೋಯಿತು! ಅಷ್ಟು ಮಷಿನ್ನುಗಳಿರುವ ಅಮೆರಿಕದಲ್ಲೂ ದನದ ಮೂತ್ರಕ್ಕೆ ಇಷ್ಟು ಮರ್ಯಾದೆ ಇದೆಯೆಂದು ತಿಳಿದು ಊರಿನ ಹಿರಿಯರು ತಲೆದೂಗಿದ್ದಾರೆ! ಭಾವ ಆ ಸಾಲುಗಳನ್ನು ತೆಗೆದು ಮುಂದೆ ಕಳಿಸಬೇಕಿತ್ತು. ಟೈಪ್ ಮಾಡಿದ ಹುಡುಗಿ ಒಂದು ಸಾಲು ಬಿಡಲು ಮರೆತಳು. ಜೋಳದಣ್ಣನಿಂದ ಬಂದ ಪತ್ರದಲ್ಲಿ ಒಂದೇ ಪ್ರಶ್ನೆ: 'ಅವನು ನನಗೆ ದನದ ಉಚ್ಚೆಗಾಗಿ ಯಾಕೆ ಥ್ಯಾಂಕ್ಸ್ ಹೇಳುತ್ತಿದ್ದಾನೆ?'

ಚೀನಾಕ್ಕೆ ಅದು ತಲುಪುವಾಗ, 'ನಿಮ್ಮ ಗೋಮೂತ್ರದ ಯಶಸ್ಸು ತಿಳಿದು ಕುಟುಂಬ ಸಮೇತ ಹರ್ಷಿತರಾದೆವು' ಎಂದಾಗಿತ್ತು.

ವ್ಯಾಪಾರ ವಿಭಾಗ ಕೂಡ ಹಿಂದೆ ಬೀಳಲಿಲ್ಲ. ಚಾ ತಮ್ಮನ ಊರಿನವರು ಬಿದಿರಿನ ಬುಟ್ಟಿ ಹೆಣೆಯುತ್ತಿದ್ದರು. ಜೋಳದಣ್ಣನ ಹೆಂಡತಿಗೆ ಬುಟ್ಟಿ ಎಂದರೆ ಪ್ರೀತಿ. ಮಾದರಿಗೆಂದು ಒಂದು ಬುಟ್ಟಿ ಶಿರಸಿ ಮಾರ್ಗವಾಗಿ ಹೊರಟಿತು. ದಾರಿಯಲ್ಲಿ ಏನಾಯಿತೋ, ಶಿರಸಿಗೆ ಬಂದಾಗ ಅದು ಬುಟ್ಟಿಯಾಗಿರಲಿಲ್ಲ, ಮೊರವಾಗಿತ್ತು! ಚೀನಾದ ಮರ್ಯಾದೆ ಹೋಗುತ್ತದಲ್ಲ ಎಂದು ಭಾವ ಸಂತೆಗೆ ಓಡಿ, ಸಿದ್ದಾಪುರ ಕಡೆಯವರು ಹೆಣೆದ ಚಂದದ ಬೆತ್ತದ ಬುಟ್ಟಿಯೊಂದನ್ನು ಆರಿಸಿ ಅಮೆರಿಕಕ್ಕೆ ಕಳಿಸಿದ. ಜೋಳದಣ್ಣನ ಹೆಂಡತಿಗೆ ಎಷ್ಟು ಹಿಡಿಸಿತೆಂದರೆ, ತಂಗಿಗೊಂದು ನೆರೆಯವಳಿಗೊಂದು ಎಂದು ಮತ್ತೆರಡಕ್ಕೆ ಹೇಳಿಕಳಿಸಿದಳು. ಅವೂ ಸಂತೆಯಿಂದಲೇ ಹೋದವು. ಚಾ ತಮ್ಮನಿಗೆ ಹೊಗಳಿಕೆಯ ಪತ್ರಗಳು ಹೋದವು. ತಮ್ಮೂರಿನವರು ಬೆತ್ತದ ಕೆಲಸ ಯಾವಾಗ ಕಲಿತರು ಎಂದು ಆ ಮನುಷ್ಯ ಎಷ್ಟು ದಿನ ತಲೆ ಕೆರೆದುಕೊಂಡನೋ! ಚಪ್ಪಟೆಯಾದ ಮೂಲ ಬುಟ್ಟಿಯಲ್ಲಿ ನಮ್ಮ ಅಕ್ಕ ಸಂಡಿಗೆ ಒಣಗಿಸಿದಳು.

ಇನ್ನು ಶಿಕ್ಷಣ. ಅಮೆರಿಕದ ಆ ಊರಿನ ಶಾಲೆಯ ಮಕ್ಕಳು ಚೀನಾದ ಮಕ್ಕಳಿಗೆ ಪತ್ರ ಬರೆಯಲಿ ಎಂಬುದು ಭಾವನದೇ ಯೋಜನೆ. ಒಂದು ಕಂತೆ ಪತ್ರ ಬಂದೇಬಿಟ್ಟಿತು. ಬಣ್ಣದ ಪೆನ್ಸಿಲ್ಲಿನಲ್ಲಿ ನಾಯಿ, ಬೆಕ್ಕು, ಟ್ರ್ಯಾಕ್ಟರುಗಳ ಚಿತ್ರ. ಅದನ್ನು ಹಾಗೆಯೇ ಕಳಿಸಿದ್ದರೆ ಏನಾಗುತ್ತಿತ್ತು? ಆದರೆ ಸಂಘಕ್ಕೊಂದು ಶಿಸ್ತಿದೆ! ಟೈ‌ಪಿಂಗ್ ವಿದ್ಯಾರ್ಥಿಗಳು ತಮ್ಮ ಪುಸ್ತಕದಲ್ಲಿ ಕಲಿತ ಅರ್ಜಿ ಇಂಗ್ಲಿಷಿನಲ್ಲಿ ಎಲ್ಲವನ್ನೂ ಟೈಪ್ ಮಾಡಿದರು. 'ಮಾನ್ಯರೇ, ಒಂಬತ್ತು ವರ್ಷ ವಯಸ್ಸಿನ ನಾನು ತಮ್ಮಲ್ಲಿ ವಿನಯಪೂರ್ವಕ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಬಳಿ ಒಂದು ನಾಯಿ ಇರುತ್ತದೆ. ಸದರಿ ನಾಯಿಯು ಕಂದು ಬಣ್ಣದ್ದಿರುತ್ತದೆ.' ಅಮೆರಿಕದ ಮಕ್ಕಳ ವಿನಯ ನೋಡಿ ಕಲಿಯಿರಿ ಎಂದು ಚಾ ತಮ್ಮ ತನ್ನ ಮಕ್ಕಳಿಗೆ ಉಪದೇಶಿಸಿದನಂತೆ.

ನಮ್ಮ ಹುಡುಗರ ಮೇಲೂ ಇದರ ಪರಿಣಾಮ ಆಗದೆ ಇರಲಿಲ್ಲ. ಸರ್ಕಾರಿ ಟೈಪಿಂಗ್ ಪರೀಕ್ಷೆಯಲ್ಲಿ ಎದುರಿಗೆ ಸುತ್ತೋಲೆ ಇಟ್ಟರೂ ಒಬ್ಬಳ ಬೆರಳು ರೂಢಿಬಲದಿಂದ 'ಡಿಯರ್ ಚೈನೀಸ್ ಬ್ರದರ್' ಎಂದು ಹೊಡೆದು ಮುಂದೆ ಹೋಗಿತ್ತು. ಅವಳು ಫೇಲಾದಳು. ಭಾವ ಅವಳಿಗೆ ಸಂಘದಿಂದ ಪ್ರಶಸ್ತಿಪತ್ರ ಕೊಟ್ಟ.

ಹೀಗೆ ಹತ್ತು ವರ್ಷ ನಡೆಯಿತು, ನಂಬುತ್ತೀರಾ? ಎರಡು ದೇಶದ ರೇಡಿಯೊಗಳು ಬೈದುಕೊಂಡವು, ಸುಮ್ಮನಾದವು, ಮತ್ತೆ ಬೈದುಕೊಂಡವು. ಅವರ ನಡುವೆ ಶಿರಸಿ ಅಂಚೆಯಲ್ಲಿ ಮಾತ್ರ ಎರಡು ದೇಶಗಳು ಪರಸ್ಪರ ಮೆಚ್ಚಿಕೊಳ್ಳುತ್ತಲೇ ಇದ್ದವು. ಜೋಳದಣ್ಣನ ಹೆಂಡತಿ ತೀರಿಹೋದಾಗ ಚಾ ತಮ್ಮ ಬರೆದದ್ದು ಮೂರೇ ಸಾಲು. ಇಂಗ್ಲಿಷ್ ಸಾಲದೆ ಅಷ್ಟಕ್ಕೇ ನಿಂತಿದ್ದ. ಶಿರಸಿಯಲ್ಲಿ ಅದು ಎರಡು ಪುಟವಾಯಿತು. ಅಂದು ಭಾವ ವಿದ್ಯಾರ್ಥಿಗಳಿಗೆ ಕೊಡದೆ ತಾನೇ ಕೂತು ಟೈಪ್ ಮಾಡಿದ. ನಾನು ತಿದ್ದಲು ಪೆನ್ನು ತೆಗೆದವಳು, ತಿದ್ದದೆ ಮುಚ್ಚಿಟ್ಟೆ.

ಎರಡು ಸಾವಿರದ ಇಸವಿ ದಾಟಿತು. ಪೇಟೆಗೆ ಕಂಪ್ಯೂಟರ್ ಬಂತು, ಐದು ರಸ್ತೆಯ ಹತ್ತಿರ ಸೈಬರ್ ಕೆಫೆ ಬಂತು. ಏಳು ಯಂತ್ರಗಳಲ್ಲಿ ನಾಲ್ಕಕ್ಕೆ ಬಟ್ಟೆ ಹೊದಿಸಿ ಮೂಲೆಗಿಟ್ಟರು. ಅಂಥ ಹೊತ್ತಿನಲ್ಲಿ ಜೋಳದಣ್ಣನಿಂದ ಒಂದು ಪತ್ರ ಬಂತು. ಭಾವ ಎಂದಿನಂತೆ ಕನ್ನಡಕ ಏರಿಸಿ ಓದತೊಡಗಿದವನು ಹಾಗೆಯೇ ಸ್ಟೂಲಿನ ಮೇಲೆ ಕುಸಿದ.

"ಎಂತ ಆತು?" ಎಂದು ಅಕ್ಕ ಓಡಿಬಂದಳು.

"ಜೋಳದಣ್ಣ ಚೀನಾಕ್ಕೆ ಹೋಗ್ತ್ನಡ! ಚಾ ತಮ್ಮನ್ನ ನೋಡಲೆ!"

"ಚೊಲೋದೇ ಆತಲಿ. ಅದಕ್ಕೇ ಅಲ್ದಾ ನಿಂಗ ಇಷ್ಟು ವರ್ಷ ಗುದ್ದಾಡಿದ್ದು?"

"ಕಾಗದ ಎಲ್ಲ ತಗಂಡು ಹೋಗ್ತ್ನಡ! ಹತ್ತು ವರ್ಷದ್ದು! ಒಟ್ಟಿಗೆ ಕುಂತ್ಗಂಡು ಓದ್ತ್ವಡ!"

ಅಕ್ಕನಿಗೆ ಈಗ ಅರ್ಥವಾಯಿತು. ಮದುವೆ ಕುದುರಿಸಿದವನಿಗೆ ಇರುವ ಒಂದೇ ಭಯವೆಂದರೆ ಎರಡು ಕಡೆಯವರೂ ಎದುರುಬದುರು ಕೂತು, 'ನೀವು ಹೀಗೆ ಅಂದಿದ್ದಿರಂತೆ' ಎಂದು ಶುರುಮಾಡುವುದು.

ಆ ಒಂದು ತಿಂಗಳು ಭಾವ ಇಳಿದುಹೋದ. ಇಳಿಯುವುದಕ್ಕೆ ಇದ್ದದ್ದಾದರೂ ಎಷ್ಟು! ದಿನಾ ಬೆಳಿಗ್ಗೆ ರೇಡಿಯೊಕ್ಕೆ ಕಿವಿ ಹಚ್ಚಿ, "ಇನ್ನೂ ಎಂತೂ ಸುದ್ದಿ ಇಲ್ಲೆ," ಎನ್ನುತ್ತಿದ್ದ. ಗೋಮೂತ್ರದ ವಿಷಯಕ್ಕೆ ಎರಡು ದೊಡ್ಡ ರಾಷ್ಟ್ರಗಳು ಯುದ್ಧ ಹೂಡುತ್ತವೆ ಎಂದು ನಾನಾಗಲೀ ಗೌಡರಾಗಲೀ ನಂಬಿರಲಿಲ್ಲ. ಭಾವ ನಂಬಿದ್ದ. ಸಂಘದ ಅಧ್ಯಕ್ಷಗಿರಿಗೆ ರಾಜೀನಾಮೆ ಟೈಪ್ ಮಾಡಿ ಕಾರ್ಯದರ್ಶಿಯಾದ ನನ್ನ ಕೈಗೆ ಕೊಟ್ಟ. ಯಲ್ಲಾಪುರದ ಬಸ್ಸು ಹಿಡಿದು ಚಂದಗುಳಿಗೆ ಹೋಗಿ, ಇಬ್ಬರೂ ಜಗಳವಾಡದೆ ಬೀಳ್ಕೊಂಡರೆ ಎರಡು ಗಂಟೆ ಕಟ್ಟುತ್ತೇನೆಂದು ಘಂಟಿ ಗಣೇಶನಿಗೆ ಹರಕೆ ಹೊತ್ತು ಬಂದ.

"ಎರಡೂ ಒಂದೇ ಅಳತೆದು ಕಟ್ಟಿ," ಎಂದಳು ಅಕ್ಕ. "ಒಂದು ದೊಡ್ಡದಾದ್ರೆ ಅದಕ್ಕೇ ಜಗಳ ಶುರು ಆಗ್ತು."

ಕಡೆಗೂ ಪತ್ರ ಬಂತು. ಚೀನಾದ ಅಂಚೆಚೀಟಿ. ಮೇಲೆ ವಿಳಾಸ ಅರ್ಧ ಒಬ್ಬರ ಕೈಬರಹ, ಅರ್ಧ ಇನ್ನೊಬ್ಬರದು. ಭಾವ ಅದನ್ನು ಒಡೆಯಲಿಲ್ಲ. ಇಡೀ ಜನ್ಮ ಬೇರೆಯವರ ಪತ್ರ ಒಡೆದವನು, ತನ್ನ ಹೆಸರಿಗೆ ಬಂದದ್ದನ್ನು ಎರಡು ದಿನ ಮೇಜಿನ ಮೇಲಿಟ್ಟು ಸುತ್ತು ಬಂದ. ಮೂರನೆಯ ದಿನ ಗೌಡರು ಬಂದರು.

"ಒಡೀರಿ ಮಾಸ್ತರ್ರ. ಕಾಗದ ಐತಿ, ಹಾವಲ್ಲ."

"ತಂಗಿ, ನೀನೇ ಓದು," ಎಂದು ಭಾವ ಕಿಟಕಿ ಕಡೆ ತಿರುಗಿ ಕೂತ. ನಾನು ಓದಿ ಕನ್ನಡದಲ್ಲಿ ಹೇಳುತ್ತ ಹೋದೆ.

'ಮಾನ್ಯರೇ, ನಾವಿಬ್ಬರೂ ಒಂದೇ ಮೇಜಿಗೆ ಕೂತು ಇದನ್ನು ಬರೆಯುತ್ತಿದ್ದೇವೆ. ಮೊದಲ ದಿನ ನಮಗೆ ಮಾತೇ ಹೊರಡಲಿಲ್ಲ. ಪತ್ರದಲ್ಲಿದ್ದ ಮನುಷ್ಯನಿಗೂ ಎದುರಿಗಿದ್ದ ಮನುಷ್ಯನಿಗೂ ತಾಳೆಯಾಗಲಿಲ್ಲ. ಎರಡನೆಯ ದಿನ ಜಗಳವಾಯಿತು.'

ಭಾವ ಕಣ್ಣು ಮುಚ್ಚಿದ.

'ನಾನು ಹೀಗೆ ಬರೆದೇ ಇಲ್ಲ ಎಂದು ಇಬ್ಬರೂ ಹಟ ಹಿಡಿದೆವು. ಮೂರನೆಯ ದಿನ ಪತ್ರಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು, ಇದು ನಾನಲ್ಲ, ಇದು ನೀನಲ್ಲ ಎನ್ನುತ್ತ ಒಂದೊಂದನ್ನೇ ಓದಿದೆವು. ದನದ ವಿಷಯಕ್ಕೆ ಬಂದಾಗ ನಮ್ಮ ನಗು ಕೇಳಿ ಪಕ್ಕದ ಮನೆಯವರು ಬಂದು ನೋಡಿದರು. ನನ್ನ ಹೆಂಡತಿ ಹೋದಾಗ ಬಂದ ಪತ್ರವನ್ನು ನಾನು ಇವನಿಗೆ ಓದಿ ಹೇಳಿದೆ. ಇವನು ಅತ್ತ. ಅದರಲ್ಲಿ ಮೂರು ಸಾಲು ಮಾತ್ರ ತನ್ನದು ಎಂದ. ಆಮೇಲೆ ನಮಗೆ ತಿಳಿಯಿತು. ಇಷ್ಟು ವರ್ಷ ನಾವು ಇಷ್ಟಪಟ್ಟದ್ದು ಒಬ್ಬರನ್ನೊಬ್ಬರು ಅಲ್ಲ. ನಮ್ಮಿಬ್ಬರಿಗೂ ಬರೆಯುತ್ತಿದ್ದದ್ದು ಒಬ್ಬನೇ ಮನುಷ್ಯ. ಅವನ ಬಗ್ಗೆ ನಮಗೆ ಒಂದಕ್ಷರವೂ ಗೊತ್ತಿಲ್ಲ. ವಯಸ್ಸೆಷ್ಟು, ಮನೆಯಲ್ಲಿ ಯಾರಿದ್ದಾರೆ, ಊಟಕ್ಕೆ ಏನು ಇಷ್ಟ, ಒಂದೂ ಬರೆದಿಲ್ಲ. ದಯವಿಟ್ಟು ಬರೆಯಿರಿ. ಅಮೆರಿಕದ ನನ್ನ ಊರಿನಿಂದ ಇಬ್ಬರು ಬರುವ ವರ್ಷ ಇಲ್ಲಿಯ ಶಾಲೆಗೆ ಪಾಠ ಹೇಳಲು ಬರುತ್ತಾರೆ. ಮಕ್ಕಳು ನಿಮ್ಮ ಬಗ್ಗೆ ಕೇಳಿದರೆ ನಾವು ಏನು ಹೇಳೋಣ?'

ಕೆಳಗೆ ಎರಡು ಸಹಿ.

ಗೌಡರು ಹೆಗಲ ಮೇಲಿನ ವಸ್ತ್ರದಿಂದ ಮೂಗು ಒರೆಸಿಕೊಂಡರು. "ಬನವಾಸಿ ಹೆಸರು ಹಾಕ್ಯಾರೇನ್ರಿ ಎಲ್ಲ್ಯರ?" ಎಂದು ಕೇಳಿದರು. ಹಾಕಿಲ್ಲವೆಂದೆ. "ಇರ್ಲಿ ಬಿಡ್ರಿ. ಗಂಟಿ ತರೂ ಕೆಲಸ ನಂದು," ಎಂದು ಮೆಟ್ಟಿಲಿಳಿದು ಹೋದರು.

ಆ ಮಧ್ಯಾಹ್ನ ಭಾವ ಯಂತ್ರಕ್ಕೆ ಕಾಗದ ಏರಿಸಿ ಕೂತ. ತಾರೀಖು ಹೊಡೆದ. 'ಡಿಯರ್ ಬ್ರದರ್ಸ್' ಎಂದು ಹೊಡೆದ. ಮುಂದೆ ಹೋಗಲಿಲ್ಲ. ಕಾಗದ ತೆಗೆದ, ಇನ್ನೊಂದು ಏರಿಸಿದ. ಸಾವಿರಾರು ಪತ್ರ ಬರೆದ ಮನುಷ್ಯ!

"ಎನ್ನ ಬಗ್ಗೆ ಎಂತ ಬರೆಯದು?" ಎಂದು ನನ್ನ ಮುಖ ನೋಡಿದ. "ಬರೆಯಲೆ ಎಂತ ಇದ್ದು?"

ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು. "ಆನೊಂದು ಕೇಳ್ತೆ, ನಿಜ ಹೇಳವು," ಎಂದಳು. "ಎಂಗಳ ಮದ್ವೆ ಆದ ಹೊಸತ್ರಲ್ಲಿ, ಆನು ಮೊದಲ ದಿನ ಅಡಿಗೆ ಮಾಡಿದಾಗ ಆಯಿ ಒಂದು ಮಾತು ಹೇಳಿತ್ತು ಹೇಳಿ ನಿಂಗ ಬಂದು ಹೇಳಿದ್ರಿ. ನೆಂಪಿದ್ದಾ?"

ಆಯಿ ಎಂದರೆ ಭಾವನ ತಾಯಿ. ಈ ಕಥೆಯಲ್ಲಿ ಅವರ ಸುದ್ದಿ ನಾನು ಇಷ್ಟು ಹೊತ್ತು ತೆಗೆಯಲಿಲ್ಲ, ಏಕೆಂದರೆ ಅವರ ವಿಷಯದಲ್ಲಿ ನಗುವಂಥದ್ದೇನೂ ಇರಲಿಲ್ಲ. ಮಾತು ಕಡಿಮೆ, ಆಡಿದರೆ ಚುರುಕು. ಅಂಥವರ ಕೈಕೆಳಗೆ ಹತ್ತೊಂಬತ್ತರ ಅಕ್ಕ ಹೇಗೆ ಬಾಳುತ್ತಾಳೋ ಎಂದು ನಮ್ಮ ತವರಿನಲ್ಲಿ ಎಲ್ಲರೂ ಹೆದರಿದ್ದರು. ಬಾಳಿದಳು. ಕಡೆಯ ಮೂರು ವರ್ಷ ಆಯಿ ಹಾಸಿಗೆ ಹಿಡಿದಾಗ ಮಗುವಿನಂತೆ ನೋಡಿಕೊಂಡಳು. ಅವರು ತೀರಿಕೊಂಡಾಗ ಎಲ್ಲರಿಗಿಂತ ಜೋರಾಗಿ ಅತ್ತವಳೂ ಅವಳೇ.

"ನೆಂಪಿದ್ದು," ಎಂದ ಭಾವ.

"'ಈ ಕೂಸು ಬಂದ ಮೇಲೆ ಮನೆ ತುಂಬಿದಾಂಗೆ ಆತು' ಹೇಳಿ. ಅದು ಆಯಿ ಹೇಳಿದ್ದು ಹೌದಾ?"

ಭಾವ ಯಂತ್ರದ ಮೇಲಿದ್ದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ.

"ಆಯಿ ಹೇಳಿದ್ದು... ಸಾರಿಗೆ ಉಪ್ಪು ಜಾಸ್ತಿ ಆತು ಹೇಳಿ."

ನನಗೆ ನಗು ಬಂದಿತ್ತು. ಅಕ್ಕನ ಮುಖ ನೋಡಿ ನುಂಗಿಕೊಂಡೆ.

"ಆ ಒಂದು ಮಾತು ನಂಬ್ಕಂಡು ಆನು ಆ ಮನೆಲಿ ನಿಂತಿದ್ದು," ಎಂದಳು ಅಕ್ಕ, ನಿಧಾನಕ್ಕೆ.

"ನಿನ್ನ ಹೆಸ್ರಲ್ಲಿ ಆಯಿ ಹತ್ರವೂ ಸುಮಾರು ಹೇಳಿದ್ದಿದ್ದು," ಎಂದ ಭಾವ ನೆಲ ನೋಡುತ್ತ. "ನೀನು ಹೇಳದೇ ಇದ್ದಿದ್ದು."

"ಹಂಗಾರೆ ಕಡೆಗೆ? ಹಾಸಿಗೆ ಹಿಡಿದಾಗ ದಿನಾ ಬಂದು ಹೇಳ್ತಿದ್ರಿ ಅಲ್ದಾ. 'ಆಯಿ ನಿನ್ನೇ ಕೇಳ್ತು, ನೀನೇ ಬೇಕಡ, ಬೇರೆ ಯಾರು ಹೋದ್ರೂ ಆಗ್ತಿಲ್ಲೆ' ಹೇಳಿ. ಅದೂ ನಿಂಗಳದ್ದೇನಾ?"

ಭಾವ ತಲೆ ಎತ್ತಿ ಅವಳನ್ನು ನೋಡಿದ.

"ಇಲ್ಲೆ," ಎಂದ. "ಆವಾಗ ಆನು ಎಂತೂ ಸೇರಿಸಿದ್ನಿಲ್ಲೆ. ಸೇರಿಸಲೆ ಎಂತೂ ಉಳಿದಿತ್ತಿಲ್ಲೆ."

ಕೆಳಗೆ ಸೈಕಲ್ ಅಂಗಡಿಯಲ್ಲಿ ಯಾರೋ ಗಾಳಿ ಹೊಡೆಯುತ್ತಿದ್ದರು. ಅಕ್ಕ ಅಷ್ಟು ವರ್ಷದಲ್ಲಿ ಒಮ್ಮೆಯೂ ಇನ್‌ಸ್ಟಿಟ್ಯೂಟಿನಲ್ಲಿ ಕೂತವಳಲ್ಲ. ಅಂದು ವಿದ್ಯಾರ್ಥಿಗಳ ಸ್ಟೂಲೊಂದನ್ನು ಎಳೆದುಕೊಂಡು ಭಾವನ ಪಕ್ಕದಲ್ಲಿ ಕೂತಳು.

"ಬರೀರಿ," ಎಂದಳು. "ಆನು ಹೇಳ್ತೆ."

ಅವಳು ಹೇಳತೊಡಗಿದಳು. ಭಾವ ತಲೆ ತಗ್ಗಿಸಿ ಟೈಪ್ ಮಾಡತೊಡಗಿದ. ನಾನು ಸದ್ದಾಗದಂತೆ ಎದ್ದು ಮೆಟ್ಟಿಲಿಳಿದೆ.